ಕಾರಿನೊಳಗಿನ ಸಪ್ಪಳಕ್ಕೆ ಅಗ್ಗದ ಮದ್ದು

ವಡೋದರಾದಿಂದ ಅಹಮದಾಬಾದಿಗೆ 93 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ. ಧಾರವಾಡದಿಂದ ಬಂದಿದ್ದ ಅಪ್ಪ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ಗಾಡಿ ಎಂಬತ್ತು ದಾಟಿದ ಕೂಡಲೇ ಕಿವಿಯ ಮಷೀನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಎಷ್ಟ್ ಸಪ್ಪಳಪಾ ಇದು! ನೀ ಹೇಳೂದು ಒಂದೂ ಕೇಳವಲ್ದು." ನಮ್ಮದು ಚಿಕ್ಕ ಹ್ಯಾಚ್‌ಬ್ಯಾಕ್, ತೆಳು ತಗಡು. ಸೂರತ್, ಮುಂಬೈ, ಪುಣೆ, ಬೆಳಗಾವಿ ಹಾದು ಊರು ಮುಟ್ಟಿಸುವುದೂ ಅದೇ ಕಾರು. 48ನೇ ಹೆದ್ದಾರಿಯಲ್ಲಿ ಎರಡು ದಿನ ಮಾತಿಲ್ಲದೆ ಕೂರುವುದು ಯಾರಿಗೆ ಬೇಕು?

ಅಹಮದಾಬಾದಿನ ಒಂದು ಆಕ್ಸೆಸರಿ ಅಂಗಡಿಯಲ್ಲಿ ಇಡೀ ಕಾರಿಗೆ 22 ಸಾವಿರ ಕೇಳಿದರು. ನಾನು ಜಾಣನೆಂದುಕೊಂಡು ಹಾರ್ಡ್‌ವೇರ್ ಅಂಗಡಿಯಿಂದ ತಾರಸಿ ಸೋರಿಕೆಗೆ ಅಂಟಿಸುವ ಪಟ್ಟಿ ತಂದು ಹಿಂದಿನ ಬಾಗಿಲುಗಳಿಗೆ ಹಚ್ಚಿದೆ. ಮೇಲೆ ಬೆಳ್ಳಿ ಹಾಳೆ, ಕೆಳಗೆ ಕಪ್ಪು ಅಂಟು, ನೋಡಲು ಎಲ್ಲವೂ ಒಂದೇ. "ಸೇಮ್ ಜ ಛೇ, ಭಾಈ" ಎಂದಿದ್ದ ಅಂಗಡಿಯವನು. ಮೇ ತಿಂಗಳಲ್ಲಿ ಅದು ಜಾರಿ ಕಿಟಕಿ ಗಾಜಿನ ಯಂತ್ರಕ್ಕೆ ಅಂಟಿತು. ಮೆಕ್ಯಾನಿಕ್‌ಗೆ ಕೊಟ್ಟ ಹಣ ಉಳಿಸಿದ್ದಕ್ಕಿಂತ ಜಾಸ್ತಿಯಾಯಿತು.

ಸೇಮ್ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಹಾಳೆಗಳಲ್ಲಿ ಎರಡು ಜಾತಿ: ಒಂದು ಡಾಂಬರಿನದು, ಇನ್ನೊಂದು ಬ್ಯುಟೈಲ್ ರಬ್ಬರಿನದು. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಗಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ತಗಡು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಆ ಕಾವಿಗೆ ಡಾಂಬರು ಮೆತ್ತಗಾಗಿ ವಾಸನೆ ಬಿಡುತ್ತದೆ, ಜಾರುತ್ತದೆ. ಬ್ಯುಟೈಲ್ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅಗ್ಗದ್ದೇ ಬೇಕಾದರೂ ಗುಜರಾತಿನಲ್ಲಿ ಡಾಂಬರಿನದು ಬೇಡ ಅಂತಲೇ ನನ್ನ ಅಭಿಪ್ರಾಯ.

ಹಾಗಾದರೆ ಹಣ ಉಳಿಸುವುದೆಲ್ಲಿ? ಹಾಳೆ ಅಂಟಿಸುವ ಜಾಗದಲ್ಲಿ. ಬಾಗಿಲಿನ ತಗಡನ್ನು ಬೆರಳಿನಿಂದ ಬಡಿದು ನೋಡಿ, ಎಣ್ಣೆ ಡಬ್ಬಿಯ ಹಾಗೆ ಠಣ್ ಎನ್ನುತ್ತದೆ. ರಬ್ಬರು ಆ ನಡುಕವನ್ನು ಹೀರಿ ಚೂರು ಶಾಖವಾಗಿ ಬದಲಾಯಿಸುತ್ತದೆ. ಮೇಲಿನ ಅಲ್ಯೂಮಿನಿಯಂ ಹಾಳೆ ಇರುವುದು ಶೋಕಿಗಲ್ಲ. ಅದು ಬಿಗಿಯಾಗಿದ್ದಷ್ಟೂ ರಬ್ಬರು ಹೆಚ್ಚು ಎಳೆದಾಡಿ ಕೆಲಸ ಮಾಡುತ್ತದೆ. ತಗಡು ಹೆಚ್ಚು ಅದುರುವುದು ನಡುಮಧ್ಯದಲ್ಲಿ. ಅಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ಠಣ್ ಹೋಗಿ ಟಪ್ ಬರುತ್ತದೆ. ಮೂಲೆಮೂಲೆಗೂ ಅಂಟಿಸುವುದರಿಂದ ಲಾಭ ಅಂಗಡಿಯವನಿಗೆ, ತೂಕ ನಮ್ಮ ಕಾರಿಗೆ.

ಕೊಳ್ಳುವಾಗ ಒಂದು ತುಂಡು ಕೇಳಿ ಮೂಸಿ ನೋಡಿ. ಹೊಸದಾಗಿ ಹಾಕಿದ ರಸ್ತೆಯ ವಾಸನೆ ಬಂದರೆ ಡಾಂಬರು. ಎಳೆದಾಗ ಚೂಯಿಂಗ್ ಗಮ್ ಹಾಗೆ ಹಿಗ್ಗಿದರೆ ಬ್ಯುಟೈಲ್ ಇರಬಹುದು. ಬೆಳ್ಳಿ ಹಾಳೆ ಉಗುರಿಗೆ ಹರಿದರೆ ಬೇಡ. ಆಮೇಲೂ ಅನುಮಾನವಿದ್ದರೆ ತುಂಡನ್ನು ಒಂದು ತಗಡಿಗೆ ಅಂಟಿಸಿ, ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಬಿಡಿ. ಮೊದಲೇ ಈ ಕೆಲಸ ಮಾಡಿದ್ದರೆ ಮೆಕ್ಯಾನಿಕ್ ಮುಖ ನೋಡಬೇಕಿರಲಿಲ್ಲ.

ಸೂರತ್ತಿನ ಕಥೆ ಬೇರೆ. ಅಲ್ಲಿ ಬಿಸಿಲಿಗಿಂತ ಮಳೆ, ಸಮುದ್ರದ ತೇವ. ಸೆಣಬು, ಹತ್ತಿಯ ಫೆಲ್ಟ್ ಅಗ್ಗ, ಆದರೆ ನೀರು ಕುಡಿದು ಕೂರುತ್ತದೆ. ಮುಗ್ಗಲು ವಾಸನೆ ಮೊದಲು, ತುಕ್ಕು ಆಮೇಲೆ. ಎರಡನೇ ಪದರ ಬೇಕಿದ್ದರೆ ನೀರು ಹೀರದ ಫೋಮ್ ಹಾಕಿಸಿ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ, ಅವುಗಳನ್ನು ಯಾವ ಊರಿನಲ್ಲೂ ಮುಚ್ಚಬಾರದು. ಪಕ್ಕದ ಏರ್‌ಬ್ಯಾಗ್ ಇರುವ ಕೆಲವು ಕಾರುಗಳ ಬಾಗಿಲೊಳಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲು ಮುಟ್ಟುವ ಮುಂಚೆ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಇನ್ನೊಂದು ಮಾತು. ಗಾಳಿಯ ಶಿಳ್ಳೆಗೆ ಈ ಹಾಳೆ ಮದ್ದಲ್ಲ. ಹಳೆಯ ಬಾಗಿಲಿನ ರಬ್ಬರು ಬದಲಾಯಿಸಿದರೆ ಅದರ ಅರ್ಧ ಬಾಧೆ ಹೋಗುತ್ತದೆ. ಟೈರಿನ ಗುಂಯ್ ಬರುವುದು ಹೆಚ್ಚಾಗಿ ನೆಲದಿಂದ, ಚಕ್ರದ ಮೇಲಿನ ಕಮಾನಿನಿಂದ. ಗಟ್ಟಿಯಾದ ಹಳೇ ಟೈರಿದ್ದರೆ ಏನು ಅಂಟಿಸಿದರೂ ಅಷ್ಟಕ್ಕಷ್ಟೇ. ನಾನು ರಬ್ಬರು ಬದಲಾಯಿಸಿ, ನಾಲ್ಕು ಬಾಗಿಲು ಮತ್ತು ಹಿಂದಿನ ಕಮಾನುಗಳಿಗೆ ಮಾತ್ರ ಬ್ಯುಟೈಲ್ ಹಚ್ಚಿದೆ. ಎರಡು ಭಾನುವಾರ ಹಿಡಿಯಿತು, ಖರ್ಚು ಅಂಗಡಿಯವರು ಹೇಳಿದ್ದರ ಮೂರನೇ ಒಂದು ಭಾಗದೊಳಗೆ ಮುಗಿಯಿತು.

ದೀಪಾವಳಿಗೆ ಊರಿಗೆ ಹೊರಟಾಗ ಭರೂಚಿನ ಹತ್ತಿರ ಸೇತುವೆಯ ಮೇಲೆ ಅಪ್ಪ "ಇದು ನರ್ಮದಾ ಏನಪಾ?" ಅಂದರು. ಹೌದು ಅಂದೆ. ಎಷ್ಟು ಅಗಲ, ಎಲ್ಲಿ ಹುಟ್ಟುತ್ತದೆ ಅಂತ ಕೇಳುತ್ತಲೇ ಹೋದರು. ಮಷೀನು ಕಿವಿಯಲ್ಲೇ ಇತ್ತು. ನೂರು ದಾಟಿದ ಮೇಲೆ ಮತ್ತೆ ಜೇಬಿಗೆ ಹೋಯಿತು.