ಹಿಮದ ಮೇಲೊಂದು ಗೆರೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರ ಭಾಗದಲ್ಲಿ ಮಿನೆಸೋಟ ಎಂಬುದೊಂದು ರಾಜ್ಯ. ಅಲ್ಲಿಯ ಚಳಿಗಾಲ ದೀರ್ಘವಾದುದು, ಕಠಿನವಾದುದು. ಕೆರೆಗಳ ನೀರು ಹೆಪ್ಪುಗಟ್ಟಿ, ಜನರು ಅವುಗಳ ಮೇಲೆ ನಡೆದಾಡುತ್ತಾರೆ. ಹೊಲ, ತೋಟ, ಮನೆಯ ಮಾಡು ಎಲ್ಲವೂ ಹಿಮದ ಹೊದಿಕೆಯಲ್ಲಿ ಅಡಗಿಹೋಗುತ್ತವೆ. ಆ ರಾಜ್ಯದ ದೊಡ್ಡ ನಗರವಾದ ಮಿನಿಯಾಪೊಲಿಸ್‌ನ ದಕ್ಷಿಣಕ್ಕೆ ಬರ್ನ್ಸ್‌ವಿಲ್ ಎಂಬ ಊರಿದೆ. ಅಲ್ಲಿ ಬಕ್ ಹಿಲ್ ಎಂಬುದೊಂದು ಗುಡ್ಡ. ಬುಡದಿಂದ ತುದಿಯವರೆಗೆ ಅಳೆದರೆ ಅದರ ಎತ್ತರ ನೂರು ಮೀಟರನ್ನೂ ಮುಟ್ಟುವುದಿಲ್ಲ. ಆಲ್ಪ್ಸ್ ಪರ್ವತಗಳನ್ನು ಕಂಡವರು ಅದನ್ನು ದಿಣ್ಣೆಯೆಂದು ಕರೆದಾರು. ಆದರೂ 1954ರಿಂದ ಹಿಮದ ಮೇಲೆ ಜಾರುವ ಆಟವನ್ನು ಕಲಿಯಲು ಜನರು ಅಲ್ಲಿಗೆ ಬರುತ್ತಿದ್ದಾರೆ. 2010ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಇಳಿಜಾರಿನ ಸ್ಕೀ ಓಟದಲ್ಲಿ ಸ್ವರ್ಣಪದಕವನ್ನು ಗೆದ್ದ ಲಿಂಡ್ಸೆ ವಾನ್ ಬಾಲ್ಯದಲ್ಲಿ ಅಭ್ಯಾಸ ಮಾಡಿದುದು ಈ ಪುಟ್ಟ ಗುಡ್ಡದ ಮೇಲೆಯೇ. ವಿದ್ಯೆಯನ್ನು ಕಲಿಯಲು ಪರ್ವತವೇ ಬೇಕೆಂದಿಲ್ಲ. ಮನೆಯ ಸಮೀಪದ ಗುಡ್ಡವೂ ಸಾಕು ಎಂಬುದಕ್ಕೆ ಇದೊಂದು ನಿದರ್ಶನ.

ಇಂತಹ ಗುಡ್ಡದ ಇಳಿಜಾರನ್ನು ಚಳಿಗಾಲದ ಒಂದು ದಿನ ನಿಂತು ನೋಡಿದರೆ, ಹಿಮದ ಮೇಲೆ ಎರಡು ಬಗೆಯ ಗುರುತುಗಳು ಕಾಣುತ್ತವೆ. ಒಂದು, ಅಗಲವಾದ ಪಟ್ಟಿಯಂತಹ ಗುರುತು. ಅಲ್ಲಿ ಹಿಮವು ಕೆರೆದುಹೋಗಿ, ಪುಡಿಯಾಗಿ, ಪಕ್ಕಕ್ಕೆ ಗುಡ್ಡೆಬಿದ್ದಿರುತ್ತದೆ. ಇನ್ನೊಂದು, ಹರಿತವಾದ ಚಾಕುವಿನಿಂದ ಕೊರೆದಂತಿರುವ ಸಣ್ಣ ಗೆರೆ. ಅದು ಎಡಕ್ಕೂ ಬಲಕ್ಕೂ ಬಾಗುತ್ತ, ಎಲ್ಲಿಯೂ ಕದಡದೆ, ಗುಡ್ಡದ ತುದಿಯಿಂದ ಬುಡದವರೆಗೆ ಇಳಿದುಬರುತ್ತದೆ. ಎರಡನ್ನೂ ಮಾಡಿದುದು ಹಲಗೆಯ ಮೇಲೆ ನಿಂತು ಜಾರಿದ ಮನುಷ್ಯರೇ. ಮೊದಲನೆಯವನು ಹಲಗೆಯನ್ನು ಅಡ್ಡಲಾಗಿ ತಿರುಗಿಸಿ ಹಿಮವನ್ನು ಕೆರೆಯುತ್ತ ತಿರುಗಿದನು. ಎರಡನೆಯವನು ಹಲಗೆಯ ಅಂಚನ್ನು ಹಿಮದಲ್ಲಿ ಊರಿ, ಆ ಅಂಚು ನಡೆಸಿದ ದಾರಿಯಲ್ಲಿಯೇ ತಿರುಗಿದನು. ಈ ಎರಡನೆಯ ವಿಧಾನಕ್ಕೆ ಕಾರ್ವಿಂಗ್, ಅಂದರೆ ಕೊರೆತ, ಎಂದು ಹೆಸರು.

ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಈ ಆಟವು ಸ್ಕೀ ಆಟದಷ್ಟು ಹಳೆಯದಲ್ಲ. 1965ರ ಕ್ರಿಸ್ಮಸ್ ದಿನದಂದು ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಷರ್ಮನ್ ಪಾಪೆನ್ ಎಂಬಾತನು ತನ್ನ ಹೆಣ್ಣುಮಕ್ಕಳ ಆಟಕ್ಕೆಂದು ಎರಡು ಸ್ಕೀಗಳನ್ನು ಒಟ್ಟಿಗೆ ಜೋಡಿಸಿಕೊಟ್ಟನು. ಸ್ನರ್ಫರ್ ಎಂಬ ಹೆಸರಿನ ಆ ಆಟಿಕೆಯು ಬಹುಬೇಗ ಜನಪ್ರಿಯವಾಯಿತು. 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬಾತನು ಕಾಲನ್ನು ಕಟ್ಟಿಕೊಳ್ಳುವ ಅನುಕೂಲವುಳ್ಳ ಹಲಗೆಗಳನ್ನು ತಯಾರಿಸತೊಡಗಿದನು. ಸ್ಕೀ ಇಳಿಜಾರುಗಳ ಒಡೆಯರು ಮೊದಮೊದಲು ಈ ಹಲಗೆಗಳನ್ನು ಒಳಗೆ ಬಿಡಲಿಲ್ಲ. 1980ರ ದಶಕದಲ್ಲಿ ಒಂದೊಂದಾಗಿ ಬಾಗಿಲುಗಳು ತೆರೆದವು. ಅದೇ ಕಾಲದಲ್ಲಿ ಕೆಲವರು ಸ್ಕೀ ಓಟದ ಶಿಸ್ತನ್ನು ಹಲಗೆಗೆ ತಂದರು. ಮೆತ್ತನೆಯ ಬೂಟನ್ನು ಬಿಟ್ಟು ಪ್ಲಾಸ್ಟಿಕ್ ಕವಚದ ಗಟ್ಟಿ ಬೂಟನ್ನು ತೊಟ್ಟು, ಕಿರಿದಾದ ಉದ್ದ ಹಲಗೆಯ ಮೇಲೆ ನಿಂತು, ಅಂಚಿನಿಂದಲೇ ತಿರುಗುವ ಕಲೆಯನ್ನು ಬೆಳೆಸಿದರು.

ಅಂಚು ಹಲಗೆಯನ್ನು ತಿರುಗಿಸುವ ಬಗೆ ಹೇಗೆ? ಉತ್ತರವು ಹಲಗೆಯ ಆಕಾರದಲ್ಲಿದೆ. ಅದರ ಎರಡೂ ಪಕ್ಕಗಳು ನೆಟ್ಟಗಿರುವುದಿಲ್ಲ. ಮುಂತುದಿ ಮತ್ತು ಹಿಂತುದಿಗಳು ಅಗಲವಾಗಿದ್ದು, ನಡುಭಾಗವು ಸೊಂಟದಂತೆ ಸಣ್ಣಗಿರುತ್ತದೆ. ಪಕ್ಕದ ಈ ಬಾಗು ಒಂದು ದೊಡ್ಡ ವೃತ್ತದ ತುಣುಕು. ಅಂಚಿನುದ್ದಕ್ಕೂ ಉಕ್ಕಿನ ಪಟ್ಟಿಯನ್ನು ಕೂಡಿಸಿ ಅದನ್ನು ಹರಿತ ಮಾಡಿರುತ್ತಾರೆ. ಹಲಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದಾಗ ಮುಂತುದಿಯೂ ಹಿಂತುದಿಯೂ ನೆಲಕ್ಕೆ ತಾಗುತ್ತವೆ. ನಡುಭಾಗ ಮಾತ್ರ ನೆಲದಿಂದ ಮೇಲಿರುತ್ತದೆ. ಮೇಲೆ ನಿಂತವನ ಭಾರದಿಂದ ಆ ನಡುಭಾಗ ಕೆಳಕ್ಕೆ ಒತ್ತಲ್ಪಟ್ಟು ಹಲಗೆಯೇ ಬಿಲ್ಲಿನಂತೆ ಬಾಗುತ್ತದೆ. ಆಗ ಅಂಚು ಹಿಮದ ಮೇಲೆ ಒಂದು ಕಮಾನನ್ನು ಬರೆಯುತ್ತದೆ. ಮುಂತುದಿ ಕೊರೆದ ಸಣ್ಣ ಕಾಲುವೆಯಲ್ಲಿಯೇ ಅಂಚಿನ ಉಳಿದ ಭಾಗವೂ ಹರಿದು ಬರುವುದರಿಂದ ಗೆರೆ ಕದಡುವುದಿಲ್ಲ.

ಹಲಗೆಯನ್ನು ಹೆಚ್ಚು ವಾಲಿಸಿದಷ್ಟೂ ಅದು ಹೆಚ್ಚು ಬಾಗುತ್ತದೆ; ತಿರುವು ಅಷ್ಟು ಕಿರಿದಾಗುತ್ತದೆ. ಪಕ್ಕದ ಬಾಗಿನ ತ್ರಿಜ್ಯ 14 ಮೀಟರು ಇರುವ ಹಲಗೆಯನ್ನು 45 ಅಂಶಗಳಷ್ಟು ವಾಲಿಸಿದರೆ, ಅದು ಬರೆಯುವ ತಿರುವಿನ ತ್ರಿಜ್ಯ ಸುಮಾರು 10 ಮೀಟರು. 60 ಅಂಶಗಳಷ್ಟು ವಾಲಿಸಿದರೆ ಸುಮಾರು 7 ಮೀಟರು. ತಿರುವನ್ನು ಕಿರಿದು ಮಾಡಬೇಕೆಂದರೆ ಹಲಗೆಯನ್ನು ಕಾಲಿನಿಂದ ನೂಕಿ ತಿರುಗಿಸಬೇಕಾಗಿಲ್ಲ. ಇನ್ನಷ್ಟು ವಾಲಿಸಿದರೆ ಸಾಕು.

ಇಷ್ಟು ವಾಲಿದ ಹಲಗೆಯ ಮೇಲೆ ನಿಂತವನು ಬೀಳದಿರುವುದು ಹೇಗೆ? ಬೈಸಿಕಲ್ಲಿನ ಮೇಲೆ ರಸ್ತೆಯ ತಿರುವನ್ನು ದಾಟುವಾಗ ಸವಾರನು ತಿರುವಿನ ಒಳಭಾಗಕ್ಕೆ ವಾಲುವುದನ್ನು ಎಲ್ಲರೂ ಬಲ್ಲರು. ಇಲ್ಲಿ ನಡೆಯುವುದೂ ಅದೇ. ವೃತ್ತಾಕಾರವಾಗಿ ಚಲಿಸುವ ವಸ್ತುವಿಗೆ ಕೇಂದ್ರಾಭಿಮುಖ ಬಲ ಬೇಕು. ಹಿಮವು ಅಂಚನ್ನು ಪಕ್ಕದಿಂದ ಒತ್ತಿ ಆ ಬಲವನ್ನು ಒದಗಿಸುತ್ತದೆ. ಸೆಕೆಂಡಿಗೆ 10 ಮೀಟರು, ಅಂದರೆ ಗಂಟೆಗೆ 36 ಕಿಲೋಮೀಟರು, ವೇಗದಲ್ಲಿ ಹೋಗುವವನು 10 ಮೀಟರು ತ್ರಿಜ್ಯದ ತಿರುವನ್ನು ತೆಗೆದುಕೊಂಡನೆಂದು ಭಾವಿಸೋಣ. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಅವನ ಕೇಂದ್ರಾಭಿಮುಖ ವೇಗೋತ್ಕರ್ಷ ದೊರೆಯುತ್ತದೆ: ಅದು 10. ಗುರುತ್ವದ ವೇಗೋತ್ಕರ್ಷವೂ ಹೆಚ್ಚುಕಡಮೆ ಅಷ್ಟೇ. ಎರಡೂ ಸಮವಾದಾಗ ದೇಹವು 45 ಅಂಶಗಳಷ್ಟು ಒಳಕ್ಕೆ ವಾಲಿದರೆ ತೂಕ ಸರಿಹೋಗುತ್ತದೆ. ನೋಡುವವರಿಗೆ ಬಿದ್ದೇಬಿಟ್ಟನೆಂದು ತೋರಿದರೂ ಅವನು ಬೀಳುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಅವನ ಕಾಲುಗಳು ಹೊರುವ ಭಾರ ಹೆಚ್ಚು. 60 ಕಿಲೋಗ್ರಾಂ ತೂಕದವನಿಗೆ ಸುಮಾರು 85 ಕಿಲೋಗ್ರಾಂ ಹೊತ್ತಂತೆ ಭಾಸವಾಗುತ್ತದೆ. ಇಳಿಜಾರಿನ ಮೇಲೆ ಈ ಲೆಕ್ಕ ಸ್ವಲ್ಪ ಬದಲಾಗುವುದಾದರೂ ಅದರ ತತ್ತ್ವ ಇದೇ.

ಗಟ್ಟಿ ಬೂಟಿನ ಅಗತ್ಯವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಹಲಗೆಯ ನಡು ಸಣ್ಣಗಿದ್ದಷ್ಟೂ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳುವುದು ಸುಲಭ. ಆದರೆ 20 ಸೆಂಟಿಮೀಟರು ಅಗಲದ ಹಲಗೆಯ ಮೇಲೆ ಪಾದವನ್ನು ಅಡ್ಡಲಾಗಿಟ್ಟರೆ ಬೂಟಿನ ತುದಿಯೂ ಹಿಮ್ಮಡಿಯೂ ಹೊರಕ್ಕೆ ಚಾಚಿಕೊಳ್ಳುತ್ತವೆ. ಹಲಗೆ ವಾಲಿದೊಡನೆ ಅವು ಹಿಮಕ್ಕೆ ತಾಗಿ ಅಂಚನ್ನು ಮೇಲಕ್ಕೆತ್ತಿಬಿಡುತ್ತವೆ, ಸವಾರನು ಉರುಳುತ್ತಾನೆ. ಆದುದರಿಂದ ಪಾದಗಳೆರಡನ್ನೂ ಹಲಗೆಯ ಮುಂತುದಿಯ ಕಡೆಗೆ ಬಹಳವಾಗಿ ತಿರುಗಿಸಿ ನಿಲ್ಲಿಸುತ್ತಾರೆ. ಹಾಗೆ ನಿಂತಾಗ ಹಲಗೆಯನ್ನು ವಾಲಿಸುವ ಕೆಲಸವು ಬಹುಮಟ್ಟಿಗೆ ಮೊಣಕಾಲಿನ ಮೂಲಕ ನಡೆಯಬೇಕು. ಮೆತ್ತನೆಯ ಬೂಟು ಆ ಒತ್ತಡಕ್ಕೆ ಮಡಿಚಿಕೊಳ್ಳುತ್ತದೆ. ಗಟ್ಟಿ ಬೂಟು ಮಡಿಚಿಕೊಳ್ಳದೆ, ಕಾಲಿನ ಚಲನೆಯನ್ನೆಲ್ಲ ಲೋಹದ ಹಿಡಿಗಳ ಮೂಲಕ ಅಂಚಿಗೆ ಮುಟ್ಟಿಸುತ್ತದೆ. ಕಾಲು ಮಾಡಿದ ಸಣ್ಣ ತಪ್ಪೂ ಅಷ್ಟೇ ನಿಷ್ಠೆಯಿಂದ ಅಂಚಿಗೆ ತಲಪುತ್ತದೆ ಎಂಬುದನ್ನು ಕಲಿಯುವವನು ಬೇಗನೆ ತಿಳಿಯುತ್ತಾನೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಒಂದುಂಟು. ನಿಪುಣನು ತಿರುಗುವಾಗ ಅವನ ಕೈ ಹಿಮವನ್ನು ಸವರಿಕೊಂಡು ಹೋಗುವುದನ್ನು ಅವರು ಕಂಡಿರುತ್ತಾರೆ. ತಾವೂ ಹಾಗೆಯೇ ಮಾಡಬೇಕೆಂದು ಸೊಂಟವನ್ನು ಮುರಿದು, ಭುಜವನ್ನು ಒಳಕ್ಕೆ ಬಾಗಿಸಿ, ಕೈಯಿಂದ ಹಿಮವನ್ನು ಮುಟ್ಟಲು ಯತ್ನಿಸುತ್ತಾರೆ. ಆಗ ಭಾರವು ಅಂಚನ್ನು ಬಿಟ್ಟು ಕೈಯ ಕಡೆಗೆ ಸರಿಯುತ್ತದೆ, ಅಂಚಿನ ಹಿಡಿತ ತಪ್ಪುತ್ತದೆ, ಹಲಗೆ ಜಾರುತ್ತದೆ. ನಿಪುಣನಾದರೋ ಕೈಯನ್ನು ಚಾಚುವುದಿಲ್ಲ. ಅವನು ಮೊಣಕಾಲುಗಳನ್ನು ಬಗ್ಗಿಸಿ ಸೊಂಟವನ್ನು ತಗ್ಗಿಸುತ್ತಾನೆ, ಭುಜಗಳನ್ನು ಆದಷ್ಟು ಸಮವಾಗಿಡುತ್ತಾನೆ, ದೃಷ್ಟಿಯನ್ನು ಮುಂದಿನ ತಿರುವಿನ ಕಡೆಗೆ ನೆಡುತ್ತಾನೆ. ಹಿಮವೇ ಅವನ ಕೈಯ ಬಳಿಗೆ ಬರುತ್ತದೆ. ಫಲವನ್ನು ನೇರವಾಗಿ ಹಿಡಿಯಹೋದವನಿಗೆ ಅದು ಸಿಕ್ಕದು. ಕ್ರಮವನ್ನು ಪಾಲಿಸಿದವನಿಗೆ ಅದು ತಾನಾಗಿ ದೊರೆಯುತ್ತದೆ.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಹಿಮವನ್ನು ಕೆರೆದು ತಿರುಗುವವನಿಗೆ ಘರ್ಷಣೆಯಿಂದ ವೇಗ ಕಡಮೆಯಾಗುತ್ತದೆ. ಕೆರೆಯದೆ ಕೊರೆಯುವವನು ವೇಗವನ್ನು ಹೇಗೆ ಹತೋಟಿಯಲ್ಲಿಡುತ್ತಾನೆ? ಅವನು ತಿರುವನ್ನು ಅರ್ಧಕ್ಕೆ ಬಿಡದೆ ಪೂರ್ತಿಗೊಳಿಸುತ್ತಾನೆ. ಕಮಾನನ್ನು ಇಳಿಜಾರಿಗೆ ಅಡ್ಡಲಾಗಿ ಬರುವವರೆಗೂ, ಬೇಕಾದರೆ ಸ್ವಲ್ಪ ಏರುಮುಖವಾಗುವವರೆಗೂ ಎಳೆಯುತ್ತಾನೆ. ಇಳಿಯುವಾಗ ಗಳಿಸಿದ ಚಲನಶಕ್ತಿಯ ಒಂದು ಪಾಲು ಏರುವಾಗ ಪ್ರಚ್ಛನ್ನಶಕ್ತಿಯಾಗಿ ಮಾರ್ಪಟ್ಟು ವೇಗ ತಗ್ಗುತ್ತದೆ. ಮೇಲಕ್ಕೆಸೆದ ಚೆಂಡು ವೇಗವನ್ನು ಕಳೆದುಕೊಳ್ಳುವಂತೆಯೇ ಇದು. ಅವನ ವೇಗವನ್ನು ನಿಯಂತ್ರಿಸುವುದು ಮುಖ್ಯವಾಗಿ ಅವನು ಆರಿಸಿಕೊಂಡ ದಾರಿಯ ಆಕಾರ. ಸಣ್ಣ ಗುಡ್ಡದ ಮೇಲೆಯೂ ದೀರ್ಘವಾದ ಪಯಣವನ್ನು ಮಾಡಲು ಸಾಧ್ಯವಾಗುವುದು ಇದರಿಂದಲೇ. ನೇರವಾಗಿ ಇಳಿಯುವವನಿಗಿಂತ ಅವನು ಕ್ರಮಿಸುವ ದೂರ ಎಷ್ಟೋ ಹೆಚ್ಚು.

ಆದರೆ ಈ ಗುಣವೇ ಒಂದು ಅಪಾಯವನ್ನೂ ತರುತ್ತದೆ. ಇಳಿಜಾರು ಒಬ್ಬನ ಸೊತ್ತಲ್ಲ. ಅಲ್ಲಿ ಮಕ್ಕಳಿರುತ್ತಾರೆ, ಮುದುಕರಿರುತ್ತಾರೆ, ಅಂದೇ ಮೊದಲ ಬಾರಿಗೆ ಸ್ಕೀ ಕಟ್ಟಿದವರಿರುತ್ತಾರೆ. ಕೊರೆಯುತ್ತ ಇಳಿಯುವವನು ಇಳಿಜಾರಿನ ಒಂದು ಬದಿಯಿಂದ ಇನ್ನೊಂದು ಬದಿಗೆ ವೇಗವಾಗಿ ಹಾಯುತ್ತಾನೆ. ಕೆಲವೊಮ್ಮೆ ಮೇಲ್ಮುಖವಾಗಿಯೂ ತಿರುಗುತ್ತಾನೆ. ಹಿಂದಿನಿಂದ ಬರುವವರು ಇದನ್ನು ನಿರೀಕ್ಷಿಸಿರುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟವು ಇಳಿಜಾರಿನಲ್ಲಿ ಎಲ್ಲರೂ ಪಾಲಿಸಬೇಕಾದ ಹತ್ತು ನಿಯಮಗಳನ್ನು ವಿಧಿಸಿದೆ. ಹಿಂದಿನಿಂದ ಬರುವವನು ಮುಂದಿರುವವನಿಗೆ ಅಪಾಯವಾಗದಂತೆ ತನ್ನ ದಾರಿಯನ್ನು ಆರಿಸಿಕೊಳ್ಳಬೇಕೆಂಬುದು ಅವುಗಳಲ್ಲೊಂದು. ಹೊರಡುವವನೂ, ಇಳಿಜಾರಿನ ಮೇಲ್ಮುಖವಾಗಿ ಚಲಿಸುವವನೂ ಮೇಲೆ ಕೆಳಗೆ ನೋಡಿ ಖಚಿತಪಡಿಸಿಕೊಳ್ಳಬೇಕೆಂಬುದು ಇನ್ನೊಂದು. ಆದುದರಿಂದ ವಿವೇಕಿಯಾದ ಕಾರ್ವಿಂಗ್ ಸವಾರನು ಜನಸಂದಣಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳುತ್ತಾನೆ, ಹೊರಡುವ ಮೊದಲು ಹಿಂದಿರುಗಿ ನೋಡುತ್ತಾನೆ, ಸಂದಣಿ ಹೆಚ್ಚಿದಾಗ ತಿರುವುಗಳನ್ನು ಕಿರಿದು ಮಾಡುತ್ತಾನೆ. ಎಷ್ಟೇ ಸುಂದರವಾದ ಗೆರೆಯಾದರೂ ಇನ್ನೊಬ್ಬರ ಮೂಳೆಗಿಂತ ಬೆಲೆಯುಳ್ಳದ್ದಲ್ಲ.

ಅವನಿಗೆ ಬೆಳಗಿನ ಹೊತ್ತು ಪ್ರಿಯವಾಗಲು ಮತ್ತೊಂದು ಕಾರಣವೂ ಇದೆ. ಜನರೆಲ್ಲ ಹೋದ ಮೇಲೆ ದೊಡ್ಡ ಯಂತ್ರಗಳು ಇಳಿಜಾರಿನ ಮೇಲೆ ಓಡಾಡಿ ಹಿಮವನ್ನು ಮಟ್ಟಮಾಡಿ, ಬಾಚಣಿಗೆಯಿಂದ ಬಾಚಿದಂತೆ ಸಣ್ಣ ಸಣ್ಣ ಏಣುಗಳನ್ನು ಮೂಡಿಸುತ್ತವೆ. ಆ ಹಿಮ ಅಂಚು ಊರುವಷ್ಟು ಮೆತ್ತಗೆ, ಅಂಚನ್ನು ತಡೆದು ನಿಲ್ಲಿಸುವಷ್ಟು ಗಟ್ಟಿ. ಹಗಲೇರಿದಂತೆ ನೂರಾರು ಜನರ ಓಡಾಟದಿಂದ ಅದು ಕೆದರಿ ದಿಬ್ಬಗಳಾಗುತ್ತದೆ. ಕೆಲವೆಡೆ ಮಂಜುಗಡ್ಡೆಯೇ ಹೊರಗೆ ಕಾಣುತ್ತದೆ. ಮಂಜುಗಡ್ಡೆಯನ್ನು ಮೊಂಡಾದ ಅಂಚು ಹಿಡಿಯಲಾರದು. ಆದುದರಿಂದ ಅರದಿಂದ ಅಂಚನ್ನು ಆಗಾಗ ಹರಿತ ಮಾಡುವುದೂ, ಹಲಗೆಯ ತಳಕ್ಕೆ ಮೇಣವನ್ನು ಕರಗಿಸಿ ಬಳಿಯುವುದೂ ಈ ಕಲೆಯ ಅಂಗಗಳೇ.

ಜಪಾನಿನ ನಾಗಾನೊದಲ್ಲಿ 1998ರಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ದ್ವಾರಗಳ ನಡುವೆ ತಿರುಗುತ್ತ ಇಳಿಯುವ ಓಟದಲ್ಲಿ ಕೆನಡದ ರಾಸ್ ರೆಬಾಲಿಯಾಟಿಯೂ ಫ್ರಾನ್ಸಿನ ಕರೀನ್ ರೂಬಿಯೂ ಸ್ವರ್ಣಪದಕಗಳನ್ನು ಪಡೆದರು. 2002ರಿಂದ ಈ ಓಟವು ಇಬ್ಬರು ಅಕ್ಕಪಕ್ಕದಲ್ಲಿ ಸ್ಪರ್ಧಿಸುವ ರೂಪವನ್ನು ತಾಳಿತು. 2018ರಲ್ಲಿ ದಕ್ಷಿಣ ಕೊರಿಯದ ಪ್ಯೊಂಗ್‌ಚಾಂಗ್‌ನಲ್ಲಿ ಜೆಕ್ ದೇಶದ ಎಸ್ಟೆರ್ ಲೆಡೆಟ್ಸ್ಕಾ ಒಂದು ಅಪೂರ್ವ ಸಾಧನೆಯನ್ನು ಮಾಡಿದಳು. ಸ್ನೋಬೋರ್ಡ್ ಓಟಗಾರ್ತಿಯೆಂದೇ ಹೆಸರಾಗಿದ್ದ ಆಕೆ ಮೊದಲು ಸ್ಕೀ ಧರಿಸಿ, ಸೂಪರ್ ಜಿ ಎಂಬ ಓಟವನ್ನು ಒಂದು ಸೆಕೆಂಡಿನ ನೂರರಲ್ಲೊಂದು ಭಾಗದ ಅಂತರದಿಂದ ಗೆದ್ದಳು. ಒಂದು ವಾರದ ಬಳಿಕ ಗಟ್ಟಿ ಬೂಟು ತೊಟ್ಟು ಹಲಗೆಯ ಓಟದಲ್ಲಿಯೂ ಸ್ವರ್ಣಪದಕವನ್ನು ಗೆದ್ದಳು. ಸಾಧನ ಬೇರೆಯಾದರೂ ಅಂಚಿನ ವಿದ್ಯೆ ಒಂದೇ ಎಂಬುದನ್ನು ಜಗತ್ತು ಕಂಡಿತು.

ಇಷ್ಟಾದರೂ ಈ ಕಲೆಯನ್ನು ಅಭ್ಯಾಸ ಮಾಡುವವರು ಇಂದು ವಿರಳ. ಬಹುತೇಕ ಸವಾರರು ಮೆತ್ತನೆಯ ಬೂಟನ್ನು ಆರಿಸಿಕೊಂಡರು. ಗಾಳಿಯಲ್ಲಿ ಹಾರುವ, ಲಾಗ ಹಾಕುವ ಆಟಗಳು ಅವರ ಮನಸ್ಸನ್ನು ಸೆಳೆದವು. ಗಟ್ಟಿ ಬೂಟು ಎಲ್ಲ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಕಲಿಸುವವರೂ ಕಡಮೆ. ಕಲಿಯಬಯಸುವವನು ತನ್ನೂರಿನ ಗುಡ್ಡದಲ್ಲಿ ಅದನ್ನು ಬಲ್ಲ ಒಬ್ಬ ಹಿರಿಯನನ್ನು ಹುಡುಕಿಕೊಳ್ಳಬೇಕು, ಇಲ್ಲವೆ ಬಿದ್ದು ಎದ್ದು ತಾನೇ ಕಲಿಯಬೇಕು. ಅವನಿಗೆ ಚಪ್ಪಾಳೆ ತಟ್ಟುವವರೂ ಇರುವುದಿಲ್ಲ. ಆದರೆ ಅವನ ಬಳಿ ಒಂದು ಸಾಕ್ಷಿ ಇದೆ. ಗುಡ್ಡದ ಬುಡದಿಂದ ಅವನನ್ನು ಮತ್ತೆ ಮೇಲಕ್ಕೊಯ್ಯುವ ತೂಗುಕುರ್ಚಿಯಲ್ಲಿ ಕುಳಿತು ಕೆಳಗೆ ನೋಡಿದಾಗ ತಾನು ಬರೆದ ಗೆರೆಯನ್ನು ಅವನು ಓದಬಹುದು. ಎಲ್ಲಿ ಭಾರ ತಪ್ಪಿತೋ ಅಲ್ಲಿ ಗೆರೆ ಹರಡಿರುತ್ತದೆ. ಎಲ್ಲಿ ಎಲ್ಲವೂ ಸರಿಯಾಯಿತೋ ಅಲ್ಲಿ ಅದು ಕೂದಲೆಳೆಯಂತೆ ನಿರ್ಮಲವಾಗಿರುತ್ತದೆ. ಹಿಮವು ಯಾರನ್ನೂ ಹೊಗಳುವುದಿಲ್ಲ, ಯಾರನ್ನೂ ತೆಗಳುವುದಿಲ್ಲ; ನಡೆದುದನ್ನು ನಡೆದಂತೆ ಹೇಳುತ್ತದೆ. ರಾತ್ರಿ ಯಂತ್ರಗಳು ಬಂದು ಆ ಗೆರೆಯನ್ನು ಅಳಿಸುತ್ತವೆ. ಮರುದಿನ ಬೆಳಗ್ಗೆ ಅದೇ ಪುಟ್ಟ ಗುಡ್ಡದ ಮೇಲೆ ಅವನು ಅದನ್ನು ಇನ್ನಷ್ಟು ಚೆನ್ನಾಗಿ ಬರೆಯಲು ಮತ್ತೆ ನಿಂತಿರುತ್ತಾನೆ.