ಅಮಲಿನ ಸವಾರಿಗೆ ಕಾನೂನಿನ ಬೆಲೆ

ಪರೀಕ್ಷೆ ಮುಗಿದದ್ದೇ ತಡ, ಬೈಕುಗಳು ಸಾವನದುರ್ಗಕ್ಕೋ ಸಂಗಮ-ಮೇಕೆದಾಟಿಗೋ ಹೊರಡುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ವಿದ್ಯಾರ್ಥಿಗಳಿಗೆ ಇವೆಲ್ಲ ಕೂಗಳತೆಯ ಜಾಗಗಳು. ಹೋಗುವಾಗ ಇಲ್ಲದ ಅಮಲು ಬರುವಾಗ ಇದ್ದರೆ? ಅಪಘಾತವೇ ಆಗಬೇಕೆಂದಿಲ್ಲ, ಕಾನೂನು ಅದಕ್ಕೂ ಮೊದಲೇ ಎದುರಾಗುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಚಲಾಯಿಸಿದರೆ, ಚಲಾಯಿಸಲು ಯತ್ನಿಸಿದರೂ, ಅಪರಾಧ. ಹಿಂದೆ ಎರಡು ಸಾವಿರದವರೆಗೆ ಇದ್ದ ದಂಡ 2019ರ ಸೆಪ್ಟೆಂಬರ್ 1ರಿಂದ 10,000 ರೂಪಾಯಿ. ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಎರಡು ವರ್ಷದವರೆಗೆ ಸೆರೆವಾಸ. ಗಾಂಜಾದಂಥ ಮಾದಕ ವಸ್ತುವಿನಿಂದ ವಾಹನದ ಮೇಲೆ ಹಿಡಿತ ತಪ್ಪಿದವರಿಗೂ ಇದೇ ಕಲಂ.

ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟಿದ ಹಾಗೆ ರಸ್ತೆಯಲ್ಲೇ ದಂಡ ಕಟ್ಟಿ ಕೈತೊಳೆದುಕೊಳ್ಳಲು ಇಲ್ಲಿ ಬರುವುದಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಲೈಸೆನ್ಸನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡುವಂತೆ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಕುಡಿದಿದ್ದಾನೆಂದು ಗೊತ್ತಿದ್ದೂ ‘ಏನಾಗಲ್ಲ, ಓಡಿಸೋ’ ಎಂದು ಹುರಿದುಂಬಿಸುವ ಗೆಳೆಯನೂ 188ನೇ ಕಲಮಿನಡಿ ಅದೇ ಶಿಕ್ಷೆಗೆ ಗುರಿಯಾಗಬಹುದು. ಇದು ಕಾಲೇಜು ಹುಡುಗರಲ್ಲಿ ಬಹುಪಾಲು ಮಂದಿಗೆ ತಿಳಿದಂತಿಲ್ಲ.

ನಿಂಬೆಹಣ್ಣು, ಮಜ್ಜಿಗೆ, ಸ್ಟ್ರಾಂಗ್ ಕಾಫಿ, ತಣ್ಣೀರ ಸ್ನಾನ ಇವ್ಯಾವುವೂ ರಕ್ತದಲ್ಲಿನ ಮದ್ಯಸಾರವನ್ನು ಇಳಿಸುವುದಿಲ್ಲ. ಯಕೃತ್ತು ತನ್ನ ನಿಧಾನ ಗತಿಯಲ್ಲೇ ಅದನ್ನು ಕರಗಿಸುತ್ತದೆ. ತಡರಾತ್ರಿ ಕುಡಿದವನು ಬೆಳಗ್ಗೆ ಕಾಲೇಜಿಗೆ ಹೊರಟಾಗಲೂ ಉಪಕರಣಕ್ಕೆ ಸಿಕ್ಕಿಬೀಳಬಹುದು.

ಇನ್ನು ಪೋಷಕರ ಸರದಿ. ‘ರೇಷ್ಮೆಗೂಡಿನ ಮಾರ್ಕೆಟ್‌ಗೆ ಹೋಗಿ ಬಾರಪ್ಪ’ ಎಂದು ಹದಿನೆಂಟು ತುಂಬದ ಮಗನ ಕೈಗೆ ಕೀ ಕೊಡುವ ತಂದೆ ನಮ್ಮಲ್ಲಿ ಅಪರೂಪವಲ್ಲ. ಆ ಹುಡುಗ ಕುಡಿದೋ ಕುಡಿಯದೆಯೋ ಈ ಕಾಯ್ದೆಯಡಿ ಅಪರಾಧ ಮಾಡಿದರೆ 199ಎ ಕಲಂ ಹೊರಿಸುವುದು ಪೋಷಕರ ಅಥವಾ ವಾಹನದ ಮಾಲೀಕರ ಮೇಲೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಜೀವವೇ ಹೋದರೆ ಮಾತು ಬೇರೆ. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ ಕುಡಿದು ಕಾರು ಓಡಿಸಿದ ಯುವಕನೊಬ್ಬ ಫುಟ್‌ಪಾತಿನಲ್ಲಿ ಮಲಗಿದ್ದ ಕಾರ್ಮಿಕರ ಮೇಲೆ ಹರಿಸಿ ಏಳು ಮಂದಿ ಸತ್ತರು. ಅದು ಬರೀ ನಿರ್ಲಕ್ಷ್ಯವಲ್ಲ, ಕೊಲೆಯಲ್ಲದ ನರಹತ್ಯೆ ಎಂಬ ತೀರ್ಪನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೂರು ವರ್ಷದ ಶಿಕ್ಷೆ ಕಡಿಮೆಯಾಯಿತೆಂದೇ ನ್ಯಾಯಾಲಯ ಹೇಳಿತು. ಶಿಕ್ಷೆ ಹೆಚ್ಚಿಸಲು ಸರ್ಕಾರ ಮೇಲ್ಮನವಿ ಸಲ್ಲಿಸಿರಲಿಲ್ಲ.