ಕಿನಿಸಿಯಾಲಜಿ ಟೇಪ್

ಕಿನಿಸಿಯಾಲಜಿ ಟೇಪ್ ಎಂಬುದು ಪೆಟ್ಟು ಬಿದ್ದ ಅಥವಾ ನೋವಿರುವ ಸ್ನಾಯು ಮತ್ತು ಕೀಲುಗಳ ಮೇಲೆ, ಚರ್ಮಕ್ಕೆ ನೇರವಾಗಿ ಅಂಟಿಸುವ ಹಿಗ್ಗುವ ಬಟ್ಟೆಯ ಪಟ್ಟಿ. ಚಲನೆ ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಈ ಹೆಸರು ಬಂದಿದೆ. ಕ್ರೀಡಾಪಟುಗಳ ಭುಜ, ಮಂಡಿ, ತೊಡೆಗಳ ಮೇಲೆ ಕಾಣುವ ನೀಲಿ, ಕಪ್ಪು, ಗುಲಾಬಿ ಬಣ್ಣದ ಪಟ್ಟಿಗಳು ಇವೇ. ಚೇತರಿಕೆಯ ದಿನಗಳಲ್ಲಿ ಭೌತಚಿಕಿತ್ಸಕರು (ಫಿಸಿಯೋಥೆರಪಿಸ್ಟ್‌ಗಳು) ಇದನ್ನು ವ್ಯಾಯಾಮದ ಜೊತೆಗೆ ಬಳಸುತ್ತಾರೆ. ಇದರ ಜನಪ್ರಿಯತೆಗೂ ಇದರ ಬಗ್ಗೆ ದೊರೆತಿರುವ ವೈಜ್ಞಾನಿಕ ಪುರಾವೆಗೂ ನಡುವೆ ಸಾಕಷ್ಟು ಅಂತರವಿದೆ.

ರಚನೆ

ಹತ್ತಿಯ ಬಟ್ಟೆಯಲ್ಲಿ ಹಿಗ್ಗುವ ಎಳೆಗಳನ್ನು ಸೇರಿಸಿ ನೇಯ್ದು, ಒಂದು ಬದಿಗೆ ಅಕ್ರಿಲಿಕ್ ಅಂಟನ್ನು ಅಲೆಯಾಕಾರದಲ್ಲಿ ಲೇಪಿಸಿ ಇದನ್ನು ತಯಾರಿಸುತ್ತಾರೆ. ದಪ್ಪದಲ್ಲಿಯೂ ತೂಕದಲ್ಲಿಯೂ ಇದು ಚರ್ಮವನ್ನು ಹೋಲುವಂತಿರುತ್ತದೆ. ಸಾಮಾನ್ಯವಾಗಿ ಒಂದು ಸುರುಳಿಯ ಅಗಲ 5 ಸೆಂಟಿಮೀಟರ್, ಉದ್ದ 5 ಮೀಟರ್. ಪಟ್ಟಿಯು ತನ್ನ ಉದ್ದಕ್ಕಿಂತ ಸುಮಾರು 40ರಿಂದ 60 ಪ್ರತಿಶತ ಹೆಚ್ಚು ಹಿಗ್ಗುತ್ತದೆ, ಅಗಲಕ್ಕೆ ಹಿಗ್ಗುವುದಿಲ್ಲ. ಬೆವರು ಆವಿಯಾಗಲು ಬಟ್ಟೆಯಲ್ಲಿ ಅವಕಾಶವಿರುವುದರಿಂದ ಸ್ನಾನ ಮಾಡಿದರೂ ಮೂರರಿಂದ ಐದು ದಿನ ಉಳಿಯುತ್ತದೆ. ಬಣ್ಣಕ್ಕೂ ಗುಣಕ್ಕೂ ಯಾವ ಸಂಬಂಧವೂ ಇಲ್ಲ. ಕಪ್ಪು ಪಟ್ಟಿಗೆ ಹೆಚ್ಚು ಬಲವೆಂಬುದು ಬರಿಯ ನಂಬಿಕೆ.

ಇತಿಹಾಸ

ಜಪಾನಿನ ಕೆನ್ಜೊ ಕಾಸೆ ಎಂಬ ಕೈರೋಪ್ರಾಕ್ಟಿಕ್ ಚಿಕಿತ್ಸಕರು 1970ರ ದಶಕದಲ್ಲಿ ಈ ಪಟ್ಟಿಯನ್ನು ರೂಪಿಸಿದರು. ಆಗ ಬಳಕೆಯಲ್ಲಿದ್ದ ಬಿಗಿ ಟೇಪು ಕೀಲನ್ನು ಅಲುಗಾಡದಂತೆ ಹಿಡಿಯುತ್ತಿತ್ತು, ಆದರೆ ಚಲನೆಯನ್ನೇ ತಡೆಯುತ್ತಿತ್ತು. ಚಲನೆಗೆ ಅಡ್ಡಿಯಾಗದೆ ಆಸರೆ ನೀಡಬೇಕೆಂಬುದು ಕಾಸೆಯವರ ಆಶಯ. 2008ರ ಬೀಜಿಂಗ್ ಒಲಿಂಪಿಕ್ಸ್ ವೇಳೆಗೆ 58 ದೇಶಗಳಿಗೆ 50,000 ಸುರುಳಿಗಳನ್ನು ಉಚಿತವಾಗಿ ನೀಡಲಾಯಿತು. ಅಲ್ಲಿ ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಪಟ್ಟಿ ಧರಿಸಿ ಚಿನ್ನ ಗೆದ್ದದ್ದು ಲೋಕದ ಕಣ್ಣಿಗೆ ಬಿದ್ದಿತು. 2012ರ ಯುರೋ ಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಯ ವಿರುದ್ಧ ಗೋಲು ಹೊಡೆದು ಅಂಗಿ ಕಳಚಿ ನಿಂತ ಇಟಲಿಯ ಮಾರಿಯೊ ಬಾಲೊಟೆಲ್ಲಿಯ ಬೆನ್ನಿನ ಮೇಲೂ ನೀಲಿ ಪಟ್ಟಿಗಳಿದ್ದವು. ಇಂತಹ ಚಿತ್ರಗಳು ಮಾಡಿದ ಪ್ರಚಾರವನ್ನು ಯಾವ ಸಂಶೋಧನೆಯೂ ಮಾಡಿಲ್ಲ.

ಬಿಗಿ ಟೇಪಿನೊಡನೆ ವ್ಯತ್ಯಾಸ

ಹಿಗ್ಗದ ಬಿಳಿ ಜಿಂಕ್ ಆಕ್ಸೈಡ್ ಟೇಪು ಕೀಲು ಒಂದು ಮಿತಿಯಾಚೆ ತಿರುಗದಂತೆ ತಡೆಯುತ್ತದೆ. ಒಮ್ಮೆ ಉಳುಕಿದ ಪಾದದ ಕೀಲು ಆಟದಲ್ಲಿ ಮತ್ತೆ ಉಳುಕದಂತೆ ಕಾಯುವುದರಲ್ಲಿ ಇದಕ್ಕೂ ಬ್ರೇಸ್‌ಗೂ ಉಪಯೋಗವಿದೆಯೆಂದು ಅಧ್ಯಯನಗಳು ತೋರಿಸಿವೆ. ಕಿನಿಸಿಯಾಲಜಿ ಟೇಪಿಗೆ ಅಂತಹ ಹಿಡಿತವಿಲ್ಲ. ಕೈಯಿಂದ ಎಳೆದರೆ ಹಿಗ್ಗುವ ಬಟ್ಟೆಯು ಇಡೀ ದೇಹದ ಭಾರ ಬಿದ್ದಾಗ ಕೀಲನ್ನು ತಡೆದು ನಿಲ್ಲಿಸಲಾರದು. ‘ಆಸರೆ’ ಎಂಬ ಪದವನ್ನು ಎರಡಕ್ಕೂ ಬಳಸುವುದರಿಂದ ಗೊಂದಲ ಉಂಟಾಗುತ್ತದೆ.

ಅಂಟಿಸುವ ಕ್ರಮ

ಚರ್ಮವನ್ನು ತೊಳೆದು ಒಣಗಿಸಿ, ಎಣ್ಣೆಯ ಅಂಶವಿಲ್ಲದಂತೆ ನೋಡಿಕೊಳ್ಳಬೇಕು. ಪಟ್ಟಿಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬಟ್ಟೆಗೆ ತಗುಲಿ ಬೇಗ ಏಳುವುದಿಲ್ಲ. ಎರಡೂ ತುದಿಗಳನ್ನು ಎಳೆಯದೆ ಅಂಟಿಸಿ, ನಡುಭಾಗವನ್ನು ಮಾತ್ರ ಬೇಕಾದಷ್ಟು ಎಳೆಯುವುದು ಮುಖ್ಯ ನಿಯಮ. ತುದಿಯನ್ನೂ ಎಳೆದರೆ ಅಲ್ಲಿ ಚರ್ಮ ಕೆಂಪಾಗಿ ಗುಳ್ಳೆ ಏಳಬಹುದು. ಸ್ನಾಯುವಿಗೆ ಅಂಟಿಸುವಾಗ ಎಳೆತ ಕಡಿಮೆ, ಮೂಳೆಗಳನ್ನು ಬಂಧಿಸುವ ಲಿಗಮೆಂಟಿನ ಮೇಲೆ ಹೆಚ್ಚು. ಊತವಿರುವೆಡೆ ಒಂದು ತುದಿಯಿಂದ ಬೆರಳುಗಳಂತೆ ಸೀಳಿದ ಪಟ್ಟಿಯನ್ನು ಬಹುತೇಕ ಎಳೆಯದೆಯೇ ಹರಡುತ್ತಾರೆ. ಅಂಟು ಶಾಖಕ್ಕೆ ಹಿಡಿಯುವುದರಿಂದ ಕೊನೆಗೆ ಅಂಗೈಯಿಂದ ಉಜ್ಜಬೇಕು. ಬೆವರು ಬರುವ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಅಂಟಿಸುವುದು ಒಳ್ಳೆಯದು.

ಕಾರ್ಯವಿಧಾನದ ವಿವರಣೆ ಮತ್ತು ಪುರಾವೆ

ಪಟ್ಟಿಯು ಚರ್ಮವನ್ನು ಸಣ್ಣ ಮಡಿಕೆಗಳಾಗಿ ಮೇಲೆತ್ತುತ್ತದೆ, ಅದರ ಕೆಳಗೆ ದೊರೆಯುವ ಸ್ಥಳದಲ್ಲಿ ರಕ್ತ ಮತ್ತು ದುಗ್ಧರಸ ಸರಾಗವಾಗಿ ಹರಿಯುತ್ತವೆ, ನೋವಿನ ನರತುದಿಗಳ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಪ್ರತಿಪಾದಕರ ವಿವರಣೆ. ಮಡಿಕೆಗಳು ಕಣ್ಣಿಗೆ ಕಾಣುತ್ತವೆ ಎಂಬುದು ನಿಜ. ಆದರೆ ಅವುಗಳಿಂದಲೇ ಗುಣವೇ ಎಂಬುದು ಬೇರೆ ಪ್ರಶ್ನೆ. ಬ್ರೆಜಿಲ್‌ನ ಸಂಶೋಧಕರು ದೀರ್ಘಕಾಲದ ಸೊಂಟನೋವಿದ್ದ 148 ಜನರನ್ನು ಎರಡು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಮಡಿಕೆ ಏಳುವಂತೆಯೂ ಇನ್ನೊಂದಕ್ಕೆ ಎಳೆತವಿಲ್ಲದೆ, ಮಡಿಕೆ ಏಳದಂತೆಯೂ ಪಟ್ಟಿ ಅಂಟಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮಡಿಕೆಯ ಗುಂಪಿಗೆ ಹೆಚ್ಚಿನ ಲಾಭವೇನೂ ಆಗಲಿಲ್ಲ. ಸಿದ್ಧಾಂತದ ಬುಡವನ್ನೇ ಪರೀಕ್ಷಿಸಿದ ಈ ಪ್ರಯೋಗ ಗಮನಾರ್ಹವಾದುದು. ಭುಜದ ಸ್ನಾಯುರಜ್ಜುಗಳ ತೊಂದರೆಯ ಬಗ್ಗೆ 2021ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯೂ ಪುರಾವೆಯ ಗುಣಮಟ್ಟ ತೀರ ಕೆಳಮಟ್ಟದ್ದೆಂದು ಹೇಳಿದೆ.

ಹಾಗಾದರೆ ಹಲವರಿಗೆ ಹಾಯೆನಿಸುವುದೇಕೆ? ಚರ್ಮದ ಮೇಲಿನ ಸ್ಪರ್ಶವು ನೋವಿನ ಸಂದೇಶವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸಬಲ್ಲದು. ಪೆಟ್ಟಾದ ಜಾಗವನ್ನು ಕೈಯಿಂದ ನೀವಿಕೊಂಡರೆ ನೋವು ಕಡಿಮೆಯಾದಂತೆ ತೋರುವುದು ಇದೇ ಕಾರಣಕ್ಕೆ. ಅದರೊಡನೆ ಚಿಕಿತ್ಸೆ ದೊರೆಯಿತೆಂಬ ಭರವಸೆಯೂ ಕೆಲಸ ಮಾಡುತ್ತದೆ. ನೋವಿನ ಭಯದಿಂದ ಕಾಲನ್ನೇ ಅಲುಗಿಸದಿದ್ದ ವ್ಯಕ್ತಿ ಪಟ್ಟಿಯ ಧೈರ್ಯದಿಂದ ವ್ಯಾಯಾಮ ಆರಂಭಿಸಿದರೆ ಅದು ಸಣ್ಣ ಲಾಭವಲ್ಲ. ಆದರೆ ಸ್ನಾಯುವಿಗೆ ಬಲ ಬರುವುದು ಆ ವ್ಯಾಯಾಮದಿಂದ.

ಎಚ್ಚರಿಕೆಗಳು

ನೋವು ತಗ್ಗಿದೊಡನೆ ಗಾಯ ಮಾಗಿತೆಂದು ಭಾವಿಸಿ ಆಟಕ್ಕೋ ಭಾರದ ಕೆಲಸಕ್ಕೋ ಮರಳುವುದೇ ಇದರ ಬಳಕೆಯಲ್ಲಿರುವ ದೊಡ್ಡ ಅಪಾಯ. ಪಾದ ಉಳುಕಿದ ಬಳಿಕ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಕೀಲಿನ ಇಕ್ಕೆಲದ ಮೂಳೆಯ ಹಿಂಬದಿ ಅಂಚನ್ನೋ ತುದಿಯನ್ನೋ ಒತ್ತಿದಾಗ ನೋವಾದರೆ, ಮೂಳೆ ಮುರಿದಿರುವ ಸಾಧ್ಯತೆಯಿದೆ. ಅಲ್ಲಿ ಬೇಕಾದುದು ಎಕ್ಸ್‌-ರೇ, ಟೇಪಲ್ಲ. ಮೀನಖಂಡ ಒಮ್ಮೆಗೇ ಊದಿ ನೋವಾದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಿರಬಹುದು. ಆಗ ಪಟ್ಟಿ ಅಂಟಿಸದೆ ವೈದ್ಯರನ್ನು ತಡಮಾಡದೆ ಕಾಣಬೇಕು. ತೆರೆದ ಗಾಯ, ಚರ್ಮದ ಸೋಂಕು, ಕ್ಯಾನ್ಸರ್ ಗಡ್ಡೆಯಿರುವ ಭಾಗಗಳ ಮೇಲೆ ಇದನ್ನು ಬಳಸಬಾರದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿದವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಕಾಲು ಊದಿದವರು, ಚರ್ಮ ತೆಳುವಾಗಿರುವ ವೃದ್ಧರು ವೈದ್ಯರನ್ನು ಕೇಳದೆ ಅಂಟಿಸಿಕೊಳ್ಳಬಾರದು.

ಅಕ್ರಿಲಿಕ್ ಅಂಟು ಕೆಲವರಿಗೆ ಒಗ್ಗುವುದಿಲ್ಲ. ಮೊದಲ ಬಾರಿಗೆ ಬಳಸುವವರು ಸಣ್ಣ ತುಂಡೊಂದನ್ನು ಅಂಟಿಸಿ ಒಂದು ದಿನ ಕಾಯುವುದು ಸೂಕ್ತ. ತುರಿಕೆ, ಉರಿ ಅಥವಾ ಬೆರಳುಗಳಲ್ಲಿ ಜೋಮು ಕಂಡರೆ ಕೂಡಲೇ ತೆಗೆಯಬೇಕು. ತೆಗೆಯುವಾಗ ಒಮ್ಮೆಲೇ ಕೀಳದೆ, ಸ್ವಲ್ಪ ಎಣ್ಣೆ ಸವರಿ ಅಂಟು ಸಡಿಲವಾದ ಮೇಲೆ, ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಕೂದಲು ಬೆಳೆದ ದಿಕ್ಕಿಗೇ ನಿಧಾನವಾಗಿ ಬಿಡಿಸಬೇಕು.